ಅರವತ್ತು ಜನ ಸಾಕು, ತಂಗಿ

ಧಾರವಾಡದಲ್ಲಿ ಎರಡು ದಿನ ಪ್ರಾಯೋಗಿಕ ಸಂಗೀತದ ಉತ್ಸವ ಮಾಡಬೇಕೆಂದು ಹೊರಟಿದ್ದೀ, ಒಳ್ಳೆಯದು. ನೀನು ಕಳಿಸಿದ ಪಟ್ಟಿಯನ್ನು ನಿಧಾನವಾಗಿ ಓದಿದೆ. ಮಾಡ್ಯುಲರ್ ಸಿಂಥ್ ನುಡಿಸುವ ಬೆಂಗಳೂರಿನ ಹುಡುಗ, ಬೋರ್‌ವೆಲ್ಲು, ಹಕ್ಕಿ, ಸಂತೆಯ ಸದ್ದು ಹಿಡಿದು ಹೊಲಿಯುವ ಹೆಣ್ಣುಮಗಳು, ಪಿಟೀಲಿನ ತಂತಿಗೆ ಕ್ಲಿಪ್ಪು ಸಿಕ್ಕಿಸಿ ನುಡಿಸುವವರು, ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲ್ ಹೇಳುವವರು, ಸವದತ್ತಿ ಕಡೆಯಿಂದ ಚೌಡಿಕೆಯ ಒಬ್ಬ ತಾಯಿ. ಪಟ್ಟಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಅದರ ಕೆಳಗೆ ನೀನು ಬರೆದ ಒಂದು ಸಾಲಿನ ಮೇಲೆ: ಮೊದಲ ವರ್ಷ ಚಿಕ್ಕದಾಗಿ, ಆಮೇಲೆ ದೊಡ್ಡ ಸಭಾಂಗಣದಲ್ಲಿ.

ಆ ಸಾಲು ಅಳಿಸಿಬಿಡು. ಚಿಕ್ಕದಾಗಿ ಮಾಡುವುದೆಂದರೆ ಕೈಯಲ್ಲಿ ದುಡ್ಡಿಲ್ಲದವರ ಪಾಡು ಎಂದು ನಿನ್ನ ವಯಸ್ಸಿನವರು ತಿಳಿದಿರುತ್ತಾರೆ. ಈ ಸಂಗೀತದ ಲೆಕ್ಕ ಬೇರೆ. ಕ್ಲಿಪ್ಪು ಸಿಕ್ಕಿಸಿದ ತಂತಿಯ ಮೇಲೆ ಕಮಾನು ಎಳೆದಾಗ ಮೊದಲು ಬರುವುದು ಸ್ವರವಲ್ಲ, ಉಸಿರಿನಂಥ ಒಂದು ಸವರು. ಅದರ ಬೆನ್ನಿಗೇ ಕಿರ್ ಎನ್ನುವ ಒಡಕು. ಹತ್ತು ಅಡಿ ದೂರ ಕೂತವರಿಗೆ ಇದು ಸಂಗೀತ. ಎಂಟುನೂರು ಖುರ್ಚಿಯ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತವರಿಗೆ ಸ್ಪೀಕರ್ ಕೆಟ್ಟಿದೆ ಅನ್ನಿಸುತ್ತದೆ. ಮೈಕು ಹಚ್ಚಿ ದೊಡ್ಡದು ಮಾಡಬಹುದಲ್ಲ ಅನ್ನುತ್ತೀ. ಮಾಡಬಹುದು. ಪಿಸುಮಾತನ್ನು ದೊಡ್ಡದು ಮಾಡಿದರೆ ಜನ ಕಿವಿಗೊಡುವುದನ್ನು ಬಿಟ್ಟು ಹಿಂದಕ್ಕೆ ಒರಗುತ್ತಾರೆ, ಅಷ್ಟೇ. ಕೇಳುವವನು ಸ್ವಲ್ಪ ಮುಂದಕ್ಕೆ ಬಾಗಿದರೆ ಮಾತ್ರ ಈ ಸಂಗೀತ ನಡೆಯುತ್ತದೆ. ಹಾಗೆ ಬಾಗಿಸಲು ಬೇಕಾದದ್ದು ಚಿಕ್ಕ ಜಾಗ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂದಗೋಳದ ನಾಡಿಗೇರ ವಾಡೆ ನೋಡಿದ್ದೀ. ಅಬ್ದುಲ್ ಕರೀಂ ಖಾನರು ಬಂದು ಇಳಿಯುತ್ತಿದ್ದ ಊರು ಅದು. ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯಿಂದ ಗಂಗೂಬಾಯಿಯವರು ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದ ಊರು. ಒಂದು ಸ್ವರ ಹಿಡಿದು ಅದರೊಳಗೇ ಇಳಿಯುತ್ತ ಹೋಗುವುದು ಇವರ ಕಿರಾಣಾ ಘರಾಣೆಯ ರೀತಿ. ಅದೇ ಘರಾಣೆಯ ಪಂಡಿತ್ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಒಂದೇ ಸ್ವರವನ್ನು ತಾಸುಗಟ್ಟಲೆ ಎಳೆಯುವ ಪ್ರಯೋಗವನ್ನು ಆಗಲೇ ಮಾಡುತ್ತಿದ್ದ ಲಾ ಮಾಂಟೆ ಯಂಗ್, ಜೊತೆಗೆ ಮರಿಯನ್ ಜಝೀಲಾ, ಟೆರ್ರಿ ರೈಲಿ, ಅವರ ಶಿಷ್ಯರಾದರು. ಅಮೆರಿಕದ ಮಿನಿಮಲಿಸಂ ಎಂದು ಈಗ ಪುಸ್ತಕಗಳಲ್ಲಿ ಓದುತ್ತೇವಲ್ಲ, ಅದರ ಒಂದು ಬೇರು ನಮ್ಮ ಘರಾಣೆಯ ಮಣ್ಣಿಗೆ ತಾಗುತ್ತದೆ. ಯಾರಾದರೂ ಬಂದು, ಇದೆಲ್ಲ ಪರದೇಶದ ಹುಚ್ಚು, ಧಾರವಾಡಕ್ಕೆ ಯಾಕೆ ಅಂದರೆ ವಾದಕ್ಕೆ ನಿಲ್ಲಬೇಡ. ತಂಬೂರಿ ಶ್ರುತಿ ಮಾಡುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ ಅನ್ನು. ಜವಾರಿಯ ನೂಲು ಒಂದು ಕೂದಲೆಳೆ ಸರಿದರೆ ತಂತಿಯೊಳಗಿನಿಂದ ಎಷ್ಟು ಬೇರೆ ಸ್ವರಗಳು ಹೊರಬೀಳುತ್ತವೆಂದು ಗೊತ್ತಿದ್ದವರಿಗೆ ನಿನ್ನ ಸಿಂಥ್ ಹುಡುಗ ಅರ್ಧ ದಾರಿಯಲ್ಲೇ ಸಿಗುತ್ತಾನೆ.

ಈಗ ಜಾಗದ ಮಾತು. ಕಲಾವಿದರಿಗೆ ಫೋನು ಮಾಡುವ ಮೊದಲು ಜಾಗ ಗೊತ್ತುಮಾಡು. ಎಲ್ಲರೂ ಇದನ್ನು ತಿರುವುಮುರುವು ಮಾಡುತ್ತಾರೆ: ಹೆಸರುಗಳನ್ನು ಕೂಡಿಸಿ, ಪೋಸ್ಟರ್ ಮಾಡಿಸಿ, ಕೊನೆಗೆ ಸಿಕ್ಕಿದ ಕಲ್ಯಾಣಮಂಟಪಕ್ಕೆ ಮುಂಗಡ ಕೊಡುತ್ತಾರೆ. ಕಲ್ಯಾಣಮಂಟಪ ಬೇಡವೇ ಬೇಡ. ಗ್ರಾನೈಟ್ ನೆಲ, ನುಣ್ಣನೆಯ ಗೋಡೆ, ಎತ್ತರದ ಸೂರು. ಒಂದು ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಟರ್ ಎಂದು ಪುಟಿಯುತ್ತ ಹೋಗುತ್ತದೆ. ಹಳೆಯ ಮನೆಯ ಪಡಸಾಲೆ ಹುಡುಕು. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ಗೂಡುಗಳು, ಅಟ್ಟದ ಜಂತಿ, ಇವೆಲ್ಲ ಸದ್ದನ್ನು ಅಲ್ಲಲ್ಲಿ ಮುರಿದು ಹದ ಮಾಡುತ್ತವೆ. ನಡುಮನೆಯಲ್ಲಿ ನಿಂತು ಚಪ್ಪಾಳೆ ತಟ್ಟು, ಆಮೇಲೆ ಮೂಲೆಯಲ್ಲಿ ನಿಂತು ತಟ್ಟು. ರಾತ್ರಿ ಎಂಟಕ್ಕೆ ಒಮ್ಮೆ ಹೋಗಿ ಸುಮ್ಮನೆ ಅರ್ಧ ತಾಸು ಕೂತು ಬಾ: ಪಕ್ಕದ ಮನೆಯ ಟಿವಿ ಎಷ್ಟು ಕೇಳುತ್ತದೆ, ಬಸ್ಸು ಗೇರು ಬದಲಿಸುವ ಏರು ಎಲ್ಲಿದೆ, ನಾಯಿಗಳ ಗುಂಪು ಯಾವ ಹೊತ್ತಿಗೆ ಜಗಳಕ್ಕೆ ಬೀಳುತ್ತದೆ.

ಜಾಗ ಸಂಗೀತವನ್ನು ಹೇಗೆ ಆರಿಸುತ್ತದೆ ಎಂಬುದಕ್ಕೆ ಒಂದು ಮನೆಯ ಕತೆ ಹೇಳುತ್ತೇನೆ. ಟೋಕಿಯೋದ ಯೊಯೊಗಿ ಎಂಬಲ್ಲಿ 2000ದಲ್ಲಿ ‘ಆಫ್ ಸೈಟ್’ ಎಂಬ ಪುಟ್ಟ ಗ್ಯಾಲರಿ ಶುರುವಾಯಿತು. ಹಳೆಯ ಮನೆ, ತೆಳು ಗೋಡೆ, ಒತ್ತಿಕೊಂಡ ನೆರೆಮನೆಗಳು. ನಡೆಸುತ್ತಿದ್ದವರು ಇತೊ ಅತ್ಸುಹಿರೊ ಎಂಬ ಕಲಾವಿದ. ಟ್ಯೂಬ್‌ಲೈಟಿನ ಸದ್ದನ್ನೇ ಹಿಗ್ಗಿಸಿ ವಾದ್ಯ ಮಾಡಿಕೊಂಡ ಮನುಷ್ಯ. ಅಲ್ಲಿ ಜೋರಾಗಿ ನುಡಿಸುವ ಹಾಗೇ ಇರಲಿಲ್ಲ, ನೆರೆಯವರ ತಕರಾರು. ಬೇರೆಯವರಾಗಿದ್ದರೆ ಜಾಗ ಬದಲಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರು ಸಂಗೀತವನ್ನೇ ಆ ಗೋಡೆಗೆ ತಕ್ಕಂತೆ ತಗ್ಗಿಸಿಕೊಂಡರು. ನಕಮುರಾ ತೊಶಿಮಾರು ಮಿಕ್ಸರಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಸಿಕ್ಕಿಸಿ, ಹೊರಗಿನಿಂದ ಯಾವ ಸದ್ದನ್ನೂ ಕೊಡದೆ, ಆ ಪೆಟ್ಟಿಗೆಯ ಒಳಗುಟ್ಟನ್ನೇ ನುಡಿಸಿದರು. ಸಾಚಿಕೊ ಎಂ ಸ್ಯಾಂಪ್ಲರಿನಲ್ಲಿ ಒಂದು ಸ್ಯಾಂಪಲ್ಲೂ ಇಡದೆ ಅದರ ಪರೀಕ್ಷಾ ಸ್ವರವನ್ನಷ್ಟೇ ಹಿಡಿದರು. ಸುಗಿಮೊಟೊ ತಕು ಗಿಟಾರಿನಲ್ಲಿ ಒಂದು ಸ್ವರ ಬಿಟ್ಟು ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಬೀದಿಯ ಸದ್ದು ಒಳಗೆ ಬರುತ್ತಿತ್ತು, ಅದೂ ಕಛೇರಿಯ ಪಾಲು. 2005ರಲ್ಲಿ ಆ ಜಾಗ ಮುಚ್ಚಿತು. ಅಷ್ಟರಲ್ಲಿ ಅಲ್ಲಿನ ರೀತಿಗೆ ‘ಒಂಕ್ಯೊ’ ಎಂಬ ಹೆಸರು ಬಿದ್ದು ಯುರೋಪು, ಅಮೆರಿಕದ ಸಂಗೀತಗಾರರು ಅದನ್ನು ಕಿವಿಗೊಟ್ಟು ಕೇಳುತ್ತಿದ್ದರು. ನೆರೆಯವರ ತಕರಾರಿನಿಂದ ಒಂದು ಶೈಲಿ ಹುಟ್ಟಿತು ಅಂದರೆ ಪೂರ್ತಿ ನಿಜವಾಗಲಿಕ್ಕಿಲ್ಲ, ಆ ಹುಡುಗರಿಗೆ ಮೊದಲೇ ಆ ಕಡೆ ಒಲವಿತ್ತು. ಆದರೂ ಗೋಡೆ ದಪ್ಪವಿದ್ದಿದ್ದರೆ ಅವರು ಅಷ್ಟು ದೂರ ಹೋಗುತ್ತಿದ್ದರೇ?

ಇದಕ್ಕೆ ತಿರುವಾದ ಜಾಗವೂ ಉಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಳೆಯ ಸೈನಿಕ ನೆಲೆಯೊಂದರ ನೆಲದಡಿ ನೀರಿನ ತೊಟ್ಟಿಯಿದೆ. 1988ರಲ್ಲಿ ಪಾಲಿನ್ ಒಲಿವೆರೊಸ್ ತಮ್ಮ ಅಕಾರ್ಡಿಯನ್ ಹಿಡಿದು ಇಬ್ಬರ ಜೊತೆ ಅದರೊಳಗಿಳಿದು ಧ್ವನಿಮುದ್ರಣ ಮಾಡಿದರು. ಅಲ್ಲಿ ಸದ್ದು ಅಡಗಲು 45 ಸೆಕೆಂಡು ಬೇಕು. ನಿನಗೆ ಇದು ದೂರದ ಕತೆ ಅನ್ನಿಸಿದರೆ ಗೋಲಗುಂಬಜ್ ನೆನೆಸಿಕೋ; ಶಾಲೆಯ ಪ್ರವಾಸದಲ್ಲಿ ಹೋಗಿ ಮೇಲಿನ ಗ್ಯಾಲರಿಯಲ್ಲಿ ನಿಂತು ಹೆಸರು ಕೂಗದ ಮಕ್ಕಳು ಈ ಭಾಗದಲ್ಲಿ ಯಾರಿದ್ದಾರೆ! ಅಲ್ಲಿ ವೇಗದ ಕೊನ್ನಕ್ಕೋಲ್ ಹೇಳಿದರೆ ಬರೀ ಗದ್ದಲ. ನಿನ್ನ ಪಡಸಾಲೆಯಲ್ಲಿ ಅದೇ ಕೊನ್ನಕ್ಕೋಲ್ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬೀಳುತ್ತದೆ. ಕಲಾವಿದರನ್ನು ಕರೆದು ಒಮ್ಮೆ ಜಾಗ ತೋರಿಸು, ದೂರದವರಿಗೆ ವಿಡಿಯೋ ಕಳಿಸು, ಚಪ್ಪಾಳೆಯ ಸದ್ದಿನ ಸಮೇತ. ಈ ಮನೆಗೆ ಏನು ನುಡಿಸುತ್ತೀರಿ ಎಂದು ಕೇಳು. ಯಾವಾಗಲೂ ನುಡಿಸುವುದನ್ನೇ ಇಲ್ಲಿಯೂ ನುಡಿಸುತ್ತೇನೆ ಅನ್ನುವವರನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೋ.

ಇನ್ನು ನನ್ನ ಖಾಸಾ ವಿಷಯಕ್ಕೆ ಬರುತ್ತೇನೆ, ಕರೆಂಟು. ಇಷ್ಟು ವರ್ಷ ಬೈಠಕ್ಕುಗಳಲ್ಲಿ ಮೈಕು, ವೈರು ನೋಡಿಕೊಂಡವನು. ಇದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಮೆಲ್ಲನೆಯ ಸಂಗೀತಕ್ಕೆ ದೊಡ್ಡ ಶತ್ರು ಸ್ಪೀಕರಿನ ಗುಂಯ್. ನಮ್ಮ ಕರೆಂಟು 50 ಹರ್ಟ್ಸ್. ಆ ಗುಂಯ್ 50ರಲ್ಲಿ, ಅದರ ಮೇಲಿನ 100ರಲ್ಲಿ ಕೂತಿರುತ್ತದೆ. ಪೇಟಿಯ ಮನೆ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಐದಕ್ಕಿಂತ ತುಸು ಏರು, ಯಾವ ಶ್ರುತಿಗೂ ಕೂಡದ ಜಾಗ. ಗುಂಯ್ ಎಂದರೆ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಿದ್ದ ಹಾಗೆ: ಸದ್ದು ಮನೆಯೆಲ್ಲ ತುಂಬಿರುತ್ತದೆ, ಕಾರಣ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಹೆಚ್ಚಾಗಿ ಆಗುವುದೇನೆಂದರೆ, ಲ್ಯಾಪ್‌ಟಾಪಿಗೆ ಒಂದು ಗೋಡೆಯಿಂದ ಕರೆಂಟು, ಮಿಕ್ಸರಿಗೆ ಎದುರು ಗೋಡೆಯಿಂದ. ಎರಡಕ್ಕೂ ಅರ್ಥಿಂಗ್ ಬೇರೆ ದಾರಿಯಲ್ಲಿ ಇಳಿದು ನಡುವೆ ಒಂದು ಸುತ್ತು ಬೀಳುತ್ತದೆ. ಸಂಗೀತದ ಸಾಮಾನಿಗೆಲ್ಲ ಒಂದೇ ಸಾಕೆಟ್ಟಿನಿಂದ, ಗಟ್ಟಿ ವೈರಿನ ಒಂದೇ ಹಲಗೆಯಿಂದ ಕರೆಂಟು ಕೊಡು. ದೀಪಗಳಿಗೆ ಬೇರೆ ಸರ್ಕ್ಯೂಟು. ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಒಂದೆರಡು ಡಿಐ ಪೆಟ್ಟಿಗೆ ಬಾಡಿಗೆಗೆ ತಾ, ಅದರಲ್ಲಿ ಗ್ರೌಂಡ್ ಬಿಡಿಸುವ ಗುಂಡಿ ಇರುತ್ತದೆ. ಯಾರೋ ಬುದ್ಧಿವಂತ ಬಂದು ಪ್ಲಗ್ಗಿನ ಮೂರನೇ ಕಡ್ಡಿ ಮುರಿದರೆ ಗುಂಯ್ ಹೋಗುತ್ತದೆ ಅನ್ನುತ್ತಾನೆ. ಹೋಗುತ್ತದೆ ನಿಜ. ಕಲಾವಿದನ ಜೀವಕ್ಕೂ ಅಪಾಯ. ಮುಟ್ಟಗೊಡಬೇಡ.

ಹಳೆಯ ಮನೆಯ ಅರ್ಥಿಂಗನ್ನು ಮೊದಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ತೋರಿಸು. ಕರೆಂಟು ಹೋದರೆ ಎಂದು ಇನ್ವರ್ಟರ್ ಇಡುತ್ತೀಯಾದರೆ ಶುದ್ಧ ಸೈನ್‌ವೇವ್ ಕೊಡುವುದನ್ನೇ ಇಡು. ಅಗ್ಗದ್ದರಲ್ಲಿ ಆಂಪ್ಲಿಫೈಯರ್ ಜೀರುಂಡೆ ಆಗುತ್ತದೆ. ಜನರೇಟರ್ ಬೇಡ. ಕರೆಂಟು ಹೋದಾಗ ಮಾಡುವ ಕಾರ್ಯಕ್ರಮವನ್ನೂ ಕೈಯಲ್ಲಿಟ್ಟುಕೊಂಡಿರು: ಚೌಡಿಕೆಗೆ, ಕೊನ್ನಕ್ಕೋಲಿಗೆ ಹೆಸ್ಕಾಂ ಹಂಗಿಲ್ಲ.

ಫ್ಯಾನು. ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಾಲ್ಕು ಫ್ಯಾನು ತಿರುಗುವ ಕೋಣೆಯಲ್ಲಿ ನಿನ್ನ ಪಿಟೀಲಿನವರ ಅರ್ಧ ಸಂಗೀತ ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ಜನವರಿಯಲ್ಲಿ ಮಾಡು, ಫ್ಯಾನು ಆರಿಸಿದರೂ ಜನ ಬೆವರುವುದಿಲ್ಲ. ಮಳೆಗಾಲದ ಹಂಚಿನ ಸದ್ದು ಚಂದವೇ, ಆದರೆ ಅದು ಬಂದಾಗ ಬೇರೇನೂ ಕೇಳುವುದಿಲ್ಲ. ಜನವರಿಯಲ್ಲೂ ಸಂಕ್ರಾಂತಿ ಬಿಡು. ತಿಂಗಳ ಕೊನೆಯ 31 ಅಂತೂ ಬೇಡ, ಬೇಂದ್ರೆ ಅಜ್ಜನ ಹುಟ್ಟಿದ ದಿನ, ಊರಿನ ಒಳ್ಳೆಯ ಕಿವಿಗಳೆಲ್ಲ ಸಾಧನಕೇರಿಯಲ್ಲಿರುತ್ತವೆ. ಪ್ಲಾಸ್ಟಿಕ್ ಖುರ್ಚಿ ತರಿಸಬೇಡ, ಒಬ್ಬರು ಕಾಲು ಬದಲಿಸಿದರೆ ಕಿರ್ರೆನ್ನುತ್ತದೆ. ಜಮಖಾನ ಹಾಸು, ಮಂಡಿನೋವಿನವರಿಗೆ ಗೋಡೆಗುಂಟ ಮರದ ಬೆಂಚು. ಗಿರ್ಮಿಟ್ಟು, ಮಿರ್ಚಿ ಎಲ್ಲ ವಿರಾಮದಲ್ಲಿ, ಹೊರಗೆ ಜಗಲಿಯ ಮೇಲೆ; ಕಾಗದದ ಪೊಟ್ಟಣ ಒಳಗೆ ಬರಕೂಡದು. ಬಾಗಿಲಿನ ಕೀಲಿಗೆ ಎಣ್ಣೆ ಬಿಡು. ಮೆಚ್ಚದವರು ನಡುವೆ ಎದ್ದು ಹೋಗುತ್ತಾರೆ, ಹೋಗಲಿ. ಸದ್ದಾಗದೆ ಹೋಗುವ ದಾರಿ ಇದ್ದರೆ ಅವರೂ ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ.

ನೆರೆಮನೆಯವರ ಬಳಿ ನೀನೇ ಹೋಗಿ ಬಾ, ಹುಡುಗರನ್ನು ಕಳಿಸಬೇಡ. 2000ದ ಶಬ್ದಮಾಲಿನ್ಯ ನಿಯಮದಂತೆ ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನದು ರಾತ್ರಿ. ಧ್ವನಿವರ್ಧಕಕ್ಕೆ ಬರಹದಲ್ಲಿ ಅನುಮತಿ ಬೇಕು. ಕಾಗದ ಪತ್ರ ಮಾಡಿಸಿಕೋ, ಆದರೆ ಕೆಲಸ ನಡೆಸುವುದು ಕಾಗದವಲ್ಲ. ಒಂಬತ್ತಕ್ಕೆ ಮುಗಿಸುತ್ತೇವೆ ಎಂದು ಮಾತು ಕೊಟ್ಟು ಒಂಬತ್ತಕ್ಕೆ ಮುಗಿಸು, ಪಕ್ಕದ ಮನೆಯ ಮುದುಕರಿಗೆ ಎರಡು ಟಿಕೆಟ್ಟು ಕೊಡು, ಬಂದರೆ ಗೋಡೆಗುಂಟ ಬೆಂಚು ಇದ್ದೇ ಇದೆ.

ಒಂದು ಸಂಜೆಗೆ ನಾಲ್ಕು ಜನ, ಒಬ್ಬೊಬ್ಬರಿಗೆ ಅರ್ಧ ತಾಸು. ಅದಕ್ಕಿಂತ ಹೆಚ್ಚು ತುಂಬಬೇಡ. ಹೊಸ ಸದ್ದು ಕೇಳಿದ ಕಿವಿ ರಾಗ ಕೇಳಿದ ಕಿವಿಗಿಂತ ಬೇಗ ದಣಿಯುತ್ತದೆ. ಮೂರು ತಾಸಿನ ಕಛೇರಿ ಕೂತು ಕೇಳುವ ನಮ್ಮ ಜನಕ್ಕೂ ಇದು ಅಷ್ಟೇ ನಿಜ. ಅನುಕ್ರಮದಲ್ಲಿ ಒಂದೇ ಒಂದು ಹಟ ಇಟ್ಟುಕೋ: ಮೆಲ್ಲನೆಯದು ಮೊದಲು, ಜೋರಿನದು ಕೊನೆಗೆ. ಜೋರು ಸದ್ದು ಕೇಳಿದ ಮೇಲೆ ಕಿವಿ ಸ್ವಲ್ಪ ಹೊತ್ತು ಮಂದವಾಗುತ್ತದೆ, ಆಗ ಕ್ಲಿಪ್ಪಿನ ಪಿಟೀಲು ಇಟ್ಟರೆ ಆ ಮನುಷ್ಯನಿಗೆ ಅನ್ಯಾಯ. ಕಾರ್ಖಾನೆಗಳಿಗೆಂದು ಅಮೆರಿಕದ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕ ನಮಗೂ ಉಪಯೋಗಕ್ಕೆ ಬರುತ್ತದೆ: 85 ಡೆಸಿಬೆಲ್ ಆದರೆ ಎಂಟು ತಾಸು ಸಹಿಸಬಹುದು, ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ, 94ಕ್ಕೆ ಒಂದು ತಾಸು, 100ಕ್ಕೆ ಹದಿನೈದೇ ನಿಮಿಷ. ಜೋರು ಗದ್ದಲವನ್ನೇ ಸಂಗೀತವೆಂದು ನುಡಿಸುವ ನಾಯ್ಸ್ ಹುಡುಗರು ಯಾರಾದರೂ ಬಂದರೆ ಇದನ್ನು ಮೊದಲೇ ತಿಳಿಸು, ಬಾಗಿಲಲ್ಲಿ ಸ್ಪಂಜಿನ ಕಿವಿಬಿರಟೆ ತುಂಬಿದ ಬೋಗುಣಿ ಇಡು. ಒಬ್ಬರು ಮುಗಿಸಿ ಇನ್ನೊಬ್ಬರು ವೈರು ಜೋಡಿಸುವ ಹೊತ್ತು ಇಡೀ ಸಂಜೆಯನ್ನು ತಿಂದುಬಿಡುತ್ತದೆ. ಪಡಸಾಲೆಯ ಎರಡು ತುದಿಗೆ ಎರಡು ಜಾಗ ಮಾಡು. ಈ ಕಡೆಯವರು ಮುಗಿಸಿದರೆ ಜನ ಜಮಖಾನದ ಮೇಲೇ ಆ ಕಡೆ ತಿರುಗಿ ಕೂರಲಿ.

ವೈವಿಧ್ಯ ಎಂದು ನಿನ್ನ ಕಾಗದದಲ್ಲಿ ಮೂರು ಕಡೆ ಬರೆದಿದ್ದೀ. ಅಲ್ಲಿ ಒಂದು ಎಚ್ಚರಿಕೆ. ಚೌಡಿಕೆಯ ತಾಯಿಯನ್ನು ಕರೆದು ಸಿಂಥ್ ಹುಡುಗನ ಪಕ್ಕ ಕೂರಿಸಿ, ಅವರ ಹಾಡಿನ ಅಡಿಯಲ್ಲಿ ಇವನ ಗುಡುಗು ಹರಿಸಿ, ಅದಕ್ಕೆ ಫ್ಯೂಷನ್ ಅನ್ನಬೇಡ. ಚೌಡಿಕೆಯನ್ನು ಹತ್ತಿರದಿಂದ ನೋಡಿದ್ದೀಯಾ? ಮರದ ಕೊಳಗ, ಒಂದು ಬದಿಗೆ ಚರ್ಮ, ನಡುವಿನಿಂದ ಎಳೆದ ಒಂದೇ ತಂತಿ. ಮೀಟುತ್ತ ಮೀಟುತ್ತ ತಂತಿಯ ಬಿಗಿ ಏರಿಳಿಸಿದರೆ ಸ್ವರ ಮಾತಾಡುವ ಗಂಟಲಿನ ಹಾಗೆ ಬಾಗುತ್ತದೆ. ತಾಳವೂ ಅದರಲ್ಲೇ, ಶ್ರುತಿಯೂ ಅದರಲ್ಲೇ. ಎಲ್ಲಮ್ಮನ ಜೋಗತಿಯರು ತಲೆತಲಾಂತರದಿಂದ ನುಡಿಸಿಕೊಂಡು ಬಂದ ಈ ವಾದ್ಯಕ್ಕೆ ಪ್ರಾಯೋಗಿಕತೆಯ ಪ್ರಮಾಣಪತ್ರ ನಾವು ಕೊಡಬೇಕಾಗಿಲ್ಲ. ಅವರಿಗೆ ಅವರದೇ ಅರ್ಧ ತಾಸು ಕೊಡು. ಮೈಕು ಬೇಕೋ ಬೇಡವೋ ಅವರನ್ನೇ ಕೇಳು. ಸಂಭಾವನೆ ಬೆಂಗಳೂರಿನ ಹುಡುಗನಿಗೆ ಎಷ್ಟೋ ಅಷ್ಟೇ.

ಕೂಡಿ ನುಡಿಸುವುದು ಬೇಡ ಅನ್ನುತ್ತಿಲ್ಲ. ಅದಕ್ಕೆ ಕಾಲ ಬೇಕು. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ಆ ತಂಡ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, 1983ರಲ್ಲಿ ‘ಜ್ಯೋತಿ’ ಎಂಬ ತಟ್ಟೆ ತಂದಿತು. ಹುಡುಕಿ ಕೇಳು. ಯಾರೂ ಯಾರ ಮೇಲೂ ಹತ್ತಿ ಕೂತಿಲ್ಲ. ಮರಿಯಾನೊ ಅದಕ್ಕೂ ಮುಂಚೆ ದಕ್ಷಿಣಕ್ಕೆ ಬಂದು ನಾಗಸ್ವರ ಕಲಿತವರು. ಶನಿವಾರ ಮಧ್ಯಾಹ್ನ ಪರಿಚಯವಾಗಿ ಸಂಜೆ ವೇದಿಕೆ ಹತ್ತುವ ಮೈತ್ರಿ ಆ ಜಾತಿಯದಲ್ಲ.

ಹಾಗಿದ್ದರೂ ಆಗಷ್ಟೇ ಭೇಟಿಯಾದವರನ್ನು ಎದುರುಬದುರು ಕೂರಿಸುವ ಇನ್ನೊಂದು ಪ್ರಾಮಾಣಿಕ ರೀತಿ ಇದೆ. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿ 1977ರಿಂದ ಲಂಡನ್ನಿನಲ್ಲಿ ‘ಕಂಪನಿ ವೀಕ್’ ನಡೆಸಿದರು, 1994ರವರೆಗೆ. ತಂಡಗಳನ್ನು ಕರೆಯದೆ ಬಿಡಿಬಿಡಿಯಾಗಿ ಸಂಗೀತಗಾರರನ್ನು ಕರೆದು, ದಿನಕ್ಕೊಂದು ಜೋಡಿ, ದಿನಕ್ಕೊಂದು ತ್ರಿಕೂಟ. ಮೊದಲ ವರ್ಷವೇ ಇವಾನ್ ಪಾರ್ಕರ್, ಆಂಥನಿ ಬ್ರಾಕ್ಸ್‌ಟನ್, ಸ್ಟೀವ್ ಲೇಸಿ, ಹಾನ್ ಬೆನ್ನಿಂಕ್ ಥರದವರು. ಏನಾಗುತ್ತದೆಂದು ನುಡಿಸುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ಚೆನ್ನಾಗಿ ಆಗದಿದ್ದರೂ ಯಾರೂ ಮೋಸ ಹೋದಂತಲ್ಲ, ಏಕೆಂದರೆ ಮೊದಲೇ ಹೇಳಿಯೇ ಟಿಕೆಟ್ಟು ಮಾರಿದ್ದು. ನೀನು ಭಾನುವಾರದ ಕೊನೆಯ ಒಂದು ತಾಸನ್ನು ಇದಕ್ಕೆ ಬಿಡು. ಹತ್ತು ಹತ್ತು ನಿಮಿಷ, ಇಬ್ಬಿಬ್ಬರು. ಬಯಸಿದವರು ಮಾತ್ರ. ನನ್ನ ಆಸೆ ಕೇಳಿದರೆ ಕೊನ್ನಕ್ಕೋಲಿನವರನ್ನೂ ಸಂತೆಯ ಸದ್ದಿನ ಹೆಣ್ಣುಮಗಳನ್ನೂ ಒಟ್ಟಿಗೆ ಕೂರಿಸು. ಅಣ್ಣಿಗೇರಿ ಸಂತೆಯ ಕೂಗಿಗೆ ತಾಳ ಹುಡುಕುವುದು ನೋಡಬೇಕು ನನಗೆ.

ಸಮಾರಂಭದ ಶಾಸ್ತ್ರಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬಾ. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟಕರ ನುಡಿ, ಅತಿಥಿಗಳ ನುಡಿ, ಅಧ್ಯಕ್ಷೀಯ, ವಂದನಾರ್ಪಣೆ ಎಂದು ನಮ್ಮಲ್ಲಿ ಸಂಗೀತಕ್ಕಿಂತ ಮೊದಲು ಒಂದೂವರೆ ತಾಸು ಮಾತು. ಅಷ್ಟು ಭಾಷಣ ಕೇಳಿದ ಕಿವಿಗೆ ಪಿಸುಮಾತಿನ ಸಂಗೀತ ಹಾಕುವುದೆಂದರೆ ನಾನು ಮೇಲೆ ಹೇಳಿದ ಅನ್ಯಾಯವೇ. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯದ ನೆನಪಿನ ಕಾಣಿಕೆ, ಇವಕ್ಕೆ ಖರ್ಚಾಗುವ ದುಡ್ಡನ್ನು ಲಕೋಟೆಗೆ ಸೇರಿಸು. ಪ್ರತಿ ಕಲಾವಿದರ ಮುಂಚೆ ನೀನೇ ನಿಂತು ಮೂರು ಸಾಲು ಹೇಳು, ಕನ್ನಡದಲ್ಲಿ: ಇವರು ಯಾರು, ಕೈಯಲ್ಲಿರುವುದು ಏನು, ಯಾವುದಕ್ಕೆ ಕಿವಿಗೊಡಬೇಕು. ಸಿದ್ಧಾಂತ ಬೇಡ. ಜಾನ್ ಕೇಜ್ ಹೆಸರಂತೂ ತೆಗೆಯಬೇಡ, ಆ ನಾಲ್ಕೂವರೆ ನಿಮಿಷದ ಮೌನದ ಕತೆಯನ್ನು ಇಂಥ ಕಡೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಸಂವಾದ ಮಾಡಲೇಬೇಕೆಂದಿದ್ದರೆ ಮರುದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಮಾಡಿಸು. ಸಂಗೀತ ಮುಗಿದ ಕೂಡಲೇ ಮೈಕು ಕೊಟ್ಟರೆ ಜನ ಪ್ರಶ್ನೆ ಕೇಳುವುದಿಲ್ಲ, ತಮ್ಮ ಭಾಷಣ ಮಾಡುತ್ತಾರೆ.

ದುಡ್ಡಿನ ಲೆಕ್ಕ ಕಣ್ಣು ತೆರೆದು ಹಾಕು. ಅರವತ್ತು ಜನ, ಎರಡು ದಿನಕ್ಕೆ ತಲಾ ಐನೂರು ಎಂದರೆ ಮೂವತ್ತು ಸಾವಿರ. ಎಂಟು ಕಲಾವಿದರಿಗೆ ತಲಾ ಆರು ಸಾವಿರ ಕೊಟ್ಟರೂ ನಲವತ್ತೆಂಟು ಸಾವಿರ, ಮೇಲೆ ಪ್ರಯಾಣ, ಊಟ, ವಸತಿ, ಬಾಡಿಗೆ. ಟಿಕೆಟ್ಟಿನಿಂದ ಇದು ಏಳುವುದಿಲ್ಲ, ಎಲ್ಲಿಯೂ ಎದ್ದಿಲ್ಲ. ಊರಲ್ಲಿ, ಬೆಂಗಳೂರಲ್ಲಿ, ಪರದೇಶದಲ್ಲಿರುವ ಧಾರವಾಡದವರಲ್ಲಿ ಮೂವತ್ತು ಜನರನ್ನು ಹಿಡಿದು ತಲಾ ಎರಡು ಸಾವಿರ ಮುಂಗಡ ಕೇಳು. ಆ ಅರವತ್ತು ಸಾವಿರ ಕೈಗೆ ಬಂದ ಮೇಲೆಯೇ ಪೋಸ್ಟರ್. ಕೋಚಿಂಗ್ ಕ್ಲಾಸಿನವರು ಒಂದು ಲಕ್ಷ ಕೊಡುತ್ತೇನೆ ಎಂದು ಬರುತ್ತಾರೆ ನೋಡು, ಜೊತೆಗೆ ಹನ್ನೆರಡು ಅಡಿಯ ಬ್ಯಾನರು, ನಿರ್ದೇಶಕರ ಮಾತು, ಅವರ ಮಗಳ ಭರತನಾಟ್ಯ. ಹುಡುಗಿ ಚೆನ್ನಾಗಿ ಕುಣಿಯಬಹುದು. ನಿನ್ನ ಉತ್ಸವದಲ್ಲಿ ಬೇಡ. ಪರದೇಶದ ಕಲಾವಿದರು ಬೇಕೆಂದರೆ ವಿಮಾನದ ಟಿಕೆಟ್ಟಿಗೆ ಕೈಹಾಕಬೇಡ. ಗೋಯ್ತೆ ಸಂಸ್ಥೆಯ ಬೆಂಗಳೂರು ರೆಸಿಡೆನ್ಸಿಗೆಂದು ಜರ್ಮನಿಯಿಂದ ಬಂದು ವಾರಗಟ್ಟಲೆ ಇಲ್ಲೇ ಇರುವ ಕಲಾವಿದರಿರುತ್ತಾರೆ, ಸಂಸ್ಥೆಯ ಮೂಲಕವೇ ಕೇಳು. ವಂದೇ ಭಾರತ್ ಹತ್ತಿದರೆ ಧಾರವಾಡ. ವೀಸಾ ಯಾವ ಬಗೆಯದೆಂದು ಮಾತ್ರ ಮೊದಲೇ ವಿಚಾರಿಸಿಕೋ.

ಎಲ್ಲರಿಗೂ ಒಂದೇ ಸಂಭಾವನೆ, ಎಷ್ಟೆಂದು ಮೊದಲ ಫೋನಿನಲ್ಲೇ ಹೇಳಬೇಕು, ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಕೈಗೆ ಮುಟ್ಟಿರಬೇಕು. ‘ಒಳ್ಳೆಯ ವೇದಿಕೆ ಸಿಗುತ್ತದೆ’ ಎಂಬ ಮಾತು ನಿನ್ನ ಬಾಯಲ್ಲಿ ಬಂದದ್ದು ಕೇಳಿದರೆ ನಾನು ಬರುವುದಿಲ್ಲ.

ಧ್ವನಿಮುದ್ರಣ ಮಾಡಿಸು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಹೂಡಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ, ಐ.ಎಸ್. ಮಾಥುರ್, ಎಸ್.ಸಿ. ಶರ್ಮ ಅಲ್ಲಿ ಕೂತು ನಮ್ಮ ದೇಶದ ಮೊದಮೊದಲ ಎಲೆಕ್ಟ್ರಾನಿಕ್ ಸಂಗೀತ ಮಾಡಿದರು. ನಾಲ್ಕಾರು ವರ್ಷದಲ್ಲಿ ಆ ಸ್ಟುಡಿಯೋ ನಿಂತೇ ಹೋಯಿತು, ಸುರುಳಿಗಳು ಸಂಗ್ರಹದ ಕಪಾಟಿನಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಪಾಲ್ ಪರ್ಗಸ್ ಎಂಬ ಕಲಾವಿದ ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ತಟ್ಟೆಯಾಗಿ ಬಂದವು. ಆ ಸುರುಳಿ ಇಲ್ಲದಿದ್ದರೆ ಅಂಥದ್ದೊಂದು ನಡೆಯಿತೆಂದು ಯಾರೂ ನಂಬುತ್ತಿರಲಿಲ್ಲ. ಕೋಣೆಯ ನಡುವೆ ಎತ್ತರದಲ್ಲಿ ಒಂದು ಜೋಡಿ ಒಳ್ಳೆಯ ಮೈಕು ಸಾಕು. ಕೆಮ್ಮು, ಬಸ್ಸು, ಗುಬ್ಬಿ ಎಲ್ಲ ಬರಲಿ. ಒಬ್ಬರೇ ಮುದ್ರಿಸಬೇಕು, ಉಳಿದವರ ಫೋನು ಚೀಲದಲ್ಲಿ. ಕಡತದ ಹೆಸರಿನಲ್ಲಿ ತಾರೀಖು, ಕಲಾವಿದರ ಹೆಸರು, ಮನೆಯ ಹೆಸರು ಬರೆದು ವಾರದೊಳಗೆ ಎಲ್ಲರಿಗೂ ಪ್ರತಿ ಕಳಿಸು. ಹೊರಗೆ ಹಾಕುವುದು ಬಿಡುವುದು ಅವರವರ ಇಚ್ಛೆ.

ಭಾನುವಾರ ರಾತ್ರಿ ಜನ ಖುಷಿಯಲ್ಲಿರುತ್ತಾರೆ, ಮುಂದಿನ ವರ್ಷ ಯಾವಾಗ ಎಂದು ಸುತ್ತುಗಟ್ಟುತ್ತಾರೆ. ತಾರೀಖು ಹೇಳಿಬಿಡಬೇಡ. ಅರವತ್ತರ ಮೇಲೆ ಎಷ್ಟು ಜನ ಬಾಗಿಲಿನಿಂದ ವಾಪಸು ಹೋದರೆಂದು ಯಾರಾದರೂ ಹೇಳಿದರೆ ಅದಕ್ಕೂ ಉಬ್ಬಬೇಡ; ಬೇಕಾದರೆ ಅದನ್ನೇ ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ಮಾಡಲಿ, ಅವರಿಗೆ ಡಿಐ ಪೆಟ್ಟಿಗೆ ಎಲ್ಲಿ ಸಿಗುತ್ತದೆಂದು ಹೇಳಿಕೊಡು. ಸೋಮವಾರ ಜಮಖಾನ ಝಾಡಿಸಿ ವಾಪಸು ಕೊಡು, ಎಲೆಕ್ಟ್ರಿಷಿಯನ್‌ಗೆ ಬಾಕಿ ಇಟ್ಟುಕೊಳ್ಳಬೇಡ, ನೆರೆಮನೆಗಳಿಗೆ ಪೇಢೆ ಹಂಚಿ ಬಾ. ಫೆಬ್ರವರಿಯಲ್ಲಿ ಒಂದು ದಿನ ಖರ್ಚಿನ ಪುಸ್ತಕ ಹಿಡಿದು ಮನೆಗೆ ಬಾ, ಕೂತು ನೋಡೋಣ. ಮುದ್ರಿಸಿದ್ದನ್ನೂ ತಾ, ಹೆಡ್‌ಫೋನು ಬೇಡ, ನನ್ನ ಹಳೆಯ ಸ್ಪೀಕರು ಇನ್ನೂ ಗುಂಯ್‌ಗುಡುವುದಿಲ್ಲ.